ಅಕ್ಕಾರ ದನಿ ಹೋದ ವರ್ಷ

ಎಮ್ಮೆಯ ಮುಂದೆ ನಿಂತು ಅರ್ಧ ತಾಸು ಮಾತಾಡಿ ಬಾ ಎಂದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಗೆ ಹೋಂವರ್ಕ್ ಕೊಟ್ಟ ಶಿಕ್ಷಕರನ್ನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಆ ವಿದ್ಯಾರ್ಥಿನಿ ನಾನು. ಎಮ್ಮೆ ಕುರ್ತಕೋಟಿಯ ನಮ್ಮ ಮನೆಯದು. ಭಾಷೆ ಜರ್ಮನ್.

"ಎಮ್ಮಿ ಮುಂದ ಯಾಕ್ರಿ ಅಕ್ಕಾರ?" ಎಂದು ಕೇಳಿದ್ದೆ. ಆ ತರಗತಿಯಲ್ಲಿ ನಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು.

"ಅದು ನಗೂದಿಲ್ಲ," ಎಂದರು ಅವರು. "ನಿನಗ ಮಾತು ಬರೂದಿಲ್ಲ ಅಂತಲ್ಲ. ಎದುರಿಗಿದ್ದವರು ನಗ್ತಾರಂತ ನೀ ಬಾಯಿಗೆ ಕೀಲಿ ಹಾಕ್ಕೊಂಡೀ. ಮೊದಲ ನಗಲಾರದವರ ಮುಂದ ಮಾತಾಡು. ಆಮ್ಯಾಲ ನಗೋರ ಮುಂದ ಮಾತಾಡೀಯಂತ."

ಅಂದು ಸಂಜೆ ಗೋದಲಿಯ ಬಳಿ ನಿಂತು ನನ್ನ ಹೆಸರು, ಊರು, ಮನೆಯಲ್ಲಿ ಎಷ್ಟು ಜನ, ಬೆಳಿಗ್ಗೆ ಏನು ತಿಂದೆ ಎಂಬುದನ್ನೆಲ್ಲ ಜರ್ಮನ್ನಿನಲ್ಲಿ ಹೇಳಿದೆ. ಎಮ್ಮೆ ಕಣಿಕೆ ಅಗಿಯುತ್ತ ಕೇಳಿತು. ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು, "ಎಮ್ಮಿಗೆ ಏನರ ಆಗೇತೇನ?" ಎಂದು ಅವ್ವನನ್ನು ಕೇಳಿದ. "ಎಮ್ಮಿಗಲ್ಲ, ನಿಮ್ಮ ಮಗಳಿಗೆ ಆಗೇತಿ," ಎಂದಳು ಅವ್ವ.

ಅಕ್ಕಾರಿಗೆ ನನ್ನ ರೋಗ ಗೊತ್ತಾಗಿದ್ದು ಹೇಗೋ ತಿಳಿಯದು. ಯಾರಿಗೂ ನಾನು ಹೇಳಿರಲಿಲ್ಲ. ನರ್ಸಿಂಗ್ ಪದವಿ ಮುಗಿಸಿದ ಹೊಸದರಲ್ಲಿ ಬೆಂಗಳೂರಿಗೆ ಒಂದು ಸಂದರ್ಶನಕ್ಕೆ ಹೋಗಿದ್ದೆ. ಅನುಭವ ಇದೆಯಾ ಎಂದು ಕೇಳಿದಾಗ "ಐತ್ರಿ" ಎಂದೆ. ಮೇಜಿನ ಆಚೆ ಕೂತ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬಾಕೆ "ಐತ್ರಿ" ಎಂದು ನನ್ನ ಹಾಗೆಯೇ ಅಂದು ತೋರಿಸಿ ನಕ್ಕಳು. ಕೆಟ್ಟ ಮನಸ್ಸಿನಿಂದ ನಕ್ಕಿರಲಿಕ್ಕಿಲ್ಲ. ಆದರೆ ಆಮೇಲಿನ ಯಾವ ಪ್ರಶ್ನೆಗೂ ನನ್ನ ಬಾಯಿಂದ ಉತ್ತರ ಬರಲಿಲ್ಲ. ನನ್ನ ಸ್ವಂತ ಭಾಷೆಯಲ್ಲೇ ಅಂದು ನಾನು ಮೂಕಿಯಾಗಿ ಊರಿಗೆ ಬಂದೆ. ಮುಂದೆ ಗದಗಿನ ಹೊರಗಿದ್ದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಸಾರ್ವಜನಿಕ ಆರೋಗ್ಯ ಓದಲು ಸೇರಿದಾಗ, ಮಧ್ಯಾಹ್ನದ ಹೊತ್ತಿನ ಜರ್ಮನ್ ಸರ್ಟಿಫಿಕೇಟ್ ಕೋರ್ಸಿಗೂ ಹೆಸರು ಕೊಟ್ಟೆ. ಆ ದೇಶದಲ್ಲಿ ನರ್ಸುಗಳಿಗೆ ಕೆಲಸವಿದೆ ಎಂದು ಗೆಳತಿ ರೇಷ್ಮಾ ಎಳೆದುಕೊಂಡು ಹೋಗಿದ್ದಳು. ಅಲ್ಲಿ ಮಾತಾಡಬೇಕಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಬರೆದು ಪಾಸಾದರೆ ಆಯಿತೆಂದುಕೊಂಡಿದ್ದೆ.

ಮೊದಲ ದಿನ ತರಗತಿಗೆ ಬಂದವರನ್ನು ನೋಡಿ ಯಾರದೋ ತಾಯಿ ಇರಬೇಕೆಂದುಕೊಂಡೆವು. ಐವತ್ತೈದು ದಾಟಿದ ಕುಳ್ಳನೆಯ ಹೆಂಗಸು. ಇಳಕಲ್ ಸೀರೆ, ತಲೆಗೆ ಎಣ್ಣೆ, ಕೈಯಲ್ಲಿ ಬಟ್ಟೆಯ ಚೀಲ. ಮುಂಡರಗಿಯವರು. ಬಂದವರೇ ನಮ್ಮ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಕಿಟಕಿಯಲ್ಲಿ ಇಟ್ಟರು.

"ವ್ಯಾಕರಣ ಅಂದ್ರ ಕಾಲಾಗಿನ ಚಪ್ಪಲಿ ಇದ್ದಂಗ. ಬಾಗಲದಾಗ ಬಿಟ್ಟು ಒಳಗ ಬರ್ರಿ. ಹೊಳ್ಳಿ ಹೋಗೋವಾಗ ಹಾಕ್ಕೊಂಡು ಹೋಗೀರಂತ."

"ಮೇಡಂ ಅನ್ಬೇಕೋ, ಪ್ರೊಫೆಸರ್ ಅನ್ಬೇಕೋ?" ಎಂದು ಮಲ್ಲಸಮುದ್ರದ ಹುಡುಗನೊಬ್ಬ ಕೇಳಿದ.

"ನಿಮ್ಮ ಸಾಲಿ ಬಾಯಾರಿಗೆ ಏನಂತಿದ್ರಿ?"

"ಅಕ್ಕಾರ ಅಂತಿದ್ವಿರಿ."

"ಹಂಗ ಅನ್ರಿ. ನೀವೂ ಈಗ ಒಂದನೇತ್ತ, ನಾನೂ ಒಂದನೇತ್ತ ಕಲಿಸಾಕಿ."

ಅವರು ಈ ಭಾಷೆ ಕಲಿತ ಬಗೆಯನ್ನು ಒಮ್ಮೆ ಮುಂಡರಗಿಯ ಬಸ್ಸಿನಲ್ಲಿ ನನಗೆ ಹೇಳಿದರು. ಹತ್ತೊಂಬತ್ತರ ವಯಸ್ಸಿನಲ್ಲಿ ಅಕ್ಕನ ಬಾಣಂತನಕ್ಕೆಂದು ಪುಣೆಗೆ ಹೋದವರು, ಅಲ್ಲೇ ಹತ್ತಿರದ ಬಂಗಲೆಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಜರ್ಮನಿಯಿಂದ ಬಂದ ಎಂಜಿನಿಯರೊಬ್ಬರ ತಾಯಿ ಆಕೆ. ಮಗ, ಸೊಸೆ ಹೊರಗೆ ಹೋದರೆ ಮನೆಯಲ್ಲಿ ಇವರಿಬ್ಬರೇ.

"ಆಕಿಗೂ ಇಂಗ್ಲಿಷ್ ಬರ್ತಿರಲಿಲ್ಲ, ನನಗೂ ಬರ್ತಿರಲಿಲ್ಲ. ಇಬ್ರೂ ಪಾರಾದಿವಿ ನೋಡು," ಎಂದು ನಕ್ಕರು. "ಇಂಗ್ಲಿಷ್ ಬರ್ತಿದ್ರ ಅದರಾಗ ಏನೋ ಒಂದೀಟು ಮಾತಾಡಿ ಸುಮ್ನಾಗ್ತಿದ್ವಿ. ಆಕಿ ಚಮಚ ಎತ್ತಿ ಹಿಡದು ಅದರ ಹೆಸರು ಹೇಳಾಕಿ. ನಾ 'ಚಮಚಾ' ಅನ್ನಾಕಿ. ಏಳು ವರ್ಷ ಹಂಗ ಮಾತಾಡಿದ್ವಿ. ಕಡಿಗೆ ಆಕಿ ಜ್ವರದಾಗ ಬಡಬಡಿಸೋವಾಗ ಅರ್ಧ ಮಾತು ಕನ್ನಡ ಬರ್ತಿದ್ವು."

ಓದು ಬರಹ, ಪರೀಕ್ಷೆ, ಪ್ರಮಾಣಪತ್ರ ಎಲ್ಲ ಆಮೇಲೆ ಬಂದವು. ತಾಯಿಗೆ ಆರೈಕೆ ಬೇಕಾದಾಗ ಊರಿಗೆ ಮರಳಿ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬರುತ್ತಿದ್ದ ಜರ್ಮನ್ ಕೆಲಸಗಾರರಿಗೂ ಇಲ್ಲಿಯವರಿಗೂ ನಡುವೆ ದುಭಾಷಿಯಾಗಿ ಹಲವು ವರ್ಷ ದುಡಿದಿದ್ದರು. ಆ ಬಳಿಕ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಆಯ್ಕೆಯಾಗಬೇಕಾದ ಹುದ್ದೆ.

"ಜರ್ಮನಿ ನೋಡಬೇಕು ಅನಿಸಲಿಲ್ಲೇನ್ರಿ ಅಕ್ಕಾರ?" ಎಂದು ಕೇಳಿದೆ. ಅವರು ಆ ದೇಶಕ್ಕೆ ಕಾಲಿಟ್ಟವರೇ ಅಲ್ಲ. ಅವರ ಬಳಿ ಪಾಸ್‌ಪೋರ್ಟ್ ಕೂಡ ಇರಲಿಲ್ಲ.

"ನನಗ ಆ ಊರು ಬೇಕಾಗಿರಲಿಲ್ಲವಾ," ಎಂದರು. "ಆ ಮುದುಕಿ ಬೇಕಾಗಿದ್ಲು."

ಕಿಟಕಿಯ ಹೊರಗೆ ಹತ್ತಿಯ ಹೊಲಗಳು ಓಡುತ್ತಿದ್ದವು. ಒಬ್ಬ ಮುದುಕಿಗಾಗಿ ಒಂದು ಭಾಷೆಯನ್ನೇ ಕಲಿತವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಜರ್ಮನ್ ನಮ್ಮ ಕಡೆಯವರಿಗೆ ಕಷ್ಟದ ಭಾಷೆಯೇ ಅಲ್ಲ ಎಂಬುದು ಅವರ ವಾದ. ಅಲ್ಲೊಂದು ಉಚ್ಚಾರವಿದೆ, ಗಂಟಲ ಆಳದಿಂದ ಬರುವ 'ಖ'. ಇಡೀ ತರಗತಿ ಒದ್ದಾಡುತ್ತಿದ್ದಾಗ ಅಕ್ಕಾರು ರೇಷ್ಮಾಳ ಕಡೆ ತಿರುಗಿ, "ನಿಮ್ಮ ಮನ್ಯಾಗ ಖಬರ್ ಹೆಂಗಂತೀರವಾ? ನಿಮ್ಮ ಅಜ್ಜಿ ಅಂದಂಗ ಅನ್ನು," ಎಂದರು. ಬೆಟಗೇರಿಯ ರೇಷ್ಮಾ ಮನೆಯಲ್ಲಿ ಉರ್ದು ಆಡುವವಳು. ಅವಳು ಅಂದಳು. "ಅದ ನೋಡ್ರಿ! ಈಕಿ ಅಜ್ಜಿ ಜರ್ಮನಿಗೆ ಹೋದ್ರ ಅಲ್ಲಿಯವರು ಪಾಠ ಹೇಳಸ್ಕೋಬೇಕು." ಅಂದಿನಿಂದ ಆ ಒಂದು ಅಕ್ಷರಕ್ಕೆ ರೇಷ್ಮಾಳೇ ನಮ್ಮ ಗುರು. ಜರ್ಮನ್ನಿನಲ್ಲಿ ಕೆಲವು ಕಡೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಅದಕ್ಕೆ ತಲೆ ಕೆರೆದುಕೊಂಡರೆ ನಮಗೆ ಅದು ಮನೆಗೆ ಬಂದಂತಾಯಿತು. ಹುಡುಗಿ ಎಂಬ ಪದ ಅಲ್ಲಿ ನಪುಂಸಕ ಲಿಂಗ. "ಹುಡುಗಿ ಬಂತು, ಹುಡುಗಿ ಹೋತು ಅಂತೀವಿಲ್ಲೋ? ಅವರೂ ನಮ್ಮಂಗ ತಿಳಿಗೇಡಿಗಳು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ತಪ್ಪು ತಿದ್ದುತ್ತಿರಲಿಲ್ಲ. ಇದು ನಮಗೆಲ್ಲ ವಿಚಿತ್ರವೆನಿಸುತ್ತಿತ್ತು. ನಾವು ತಪ್ಪಾಗಿ ಹೇಳಿದ್ದನ್ನೇ ಅವರು ಮುಂದಿನ ಮಾತಿನಲ್ಲಿ ಸರಿಯಾಗಿ ಸೇರಿಸಿ ಹೇಳಿಬಿಡುತ್ತಿದ್ದರು, ಅಷ್ಟೆ. ಯಾರಾದರೂ ಇನ್ನೊಬ್ಬರ ಮಾತಿಗೆ ನಕ್ಕರೆ ಮಾತ್ರ ಬಿಡುತ್ತಿರಲಿಲ್ಲ. ನಕ್ಕವರು ಎದ್ದು ನಿಂತು ಆ ವಾಕ್ಯವನ್ನು ತಾವೇ ಹೇಳಬೇಕು. ಹೇಳಲು ಹೋದವರು ಅದಕ್ಕಿಂತ ದೊಡ್ಡ ತಪ್ಪು ಮಾಡುತ್ತಿದ್ದರು. ಹದಿನೈದು ದಿನಗಳಲ್ಲಿ ನಗು ತಾನಾಗಿ ನಿಂತುಹೋಯಿತು.

ಲಕ್ಷ್ಮೇಶ್ವರದ ಗುಡಿ ನೋಡಲು ತರಗತಿಯ ಹನ್ನೊಂದು ಜನರನ್ನೂ ಬಸ್ಸಿನಲ್ಲಿ ಕರೆದೊಯ್ದಾಗ ಗದಗಿನಿಂದಲೇ ಕನ್ನಡ ಬಂದ್ ಮಾಡಿಸಿದ್ದರು. ನಾವು ಮೊದಲು ಪಿಸುಗುಟ್ಟಿ, ಆಮೇಲೆ ಮಾತಾಡಿ, ಕೊನೆಗೆ ಜಗಳವನ್ನೇ ಆಡತೊಡಗಿದೆವು. ಹಿಂದಿನ ಸೀಟಿನ ರುಮಾಲಿನ ಮುದುಕರೊಬ್ಬರು ಬಹಳ ಹೊತ್ತು ಕೇಳಿ, "ಪಾಪ, ಆಂಧ್ರದ ಕಡೆ ಮಂದಿ," ಎಂದು ಪಕ್ಕದವರಿಗೆ ವಿವರಿಸಿದರು. ಅಕ್ಕಾರು ತಿರುಗಿ ಅವರಿಗೆ ಜರ್ಮನ್ನಿನಲ್ಲೇ ನಮಸ್ಕಾರ ಹೇಳಿದರು. ಮುದುಕರು ತಬ್ಬಿಬ್ಬಾಗದೆ ಕೈಮುಗಿದು, "ಹೌದ್ರಿ, ಎಲ್ಲಾ ಆರಾಮ ಐತ್ರಿ," ಎಂದರು.

"ನೋಡಿದ್ರಿ? ಹಿಂಗ ಮಾತಾಡಬೇಕು," ಎಂದರು ಅಕ್ಕಾರು. ಇಡೀ ಪ್ರವಾಸದಲ್ಲಿ ಅವರು ಆಡಿದ ಒಂದೇ ಕನ್ನಡ ವಾಕ್ಯ ಅದು.

ದೀಪಾವಳಿಯ ಹೊತ್ತಿಗೆ ಅವರ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದರು. ಆಮೇಲೆ ಸೀಮೆಸುಣ್ಣದ ಪುಡಿ ಎಂದರು. ಮಾತಾಡುತ್ತ ಮಾತಾಡುತ್ತ ಶಬ್ದ ಕಡಿದುಹೋಗಿ ಬರಿಯ ತುಟಿಗಳು ಆಡುತ್ತಿದ್ದವು. ನನಗೆ ಆಸ್ಪತ್ರೆಯ ಅಭ್ಯಾಸವಿತ್ತು. ಅದು ನೆಗಡಿಯಲ್ಲ ಎಂದು ತಿಳಿಯುತ್ತಿತ್ತು. ಹೇಳುವ ಧೈರ್ಯ ಬರಲು ಮೂರು ವಾರ ಬೇಕಾಯಿತು.

"ಅಕ್ಕಾರ, ಹುಬ್ಬಳ್ಳಿಗೆ ಹೋಗಿ ತೋರಸ್ರಿ. ನಾ ಬರ್ತೀನಿ ನಿಮ್ಮ ಕೂಡ."

ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ಕೆಟ್ಟ ಗಂಟಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಆದರೆ ಗಂಟು ಆಳದಲ್ಲಿತ್ತು. ತೆಗೆದ ಮೇಲೆ ಎರಡು ತಿಂಗಳು ಒಂದು ಶಬ್ದವನ್ನೂ ಆಡಬಾರದು, ಪಿಸುಮಾತೂ ಕೂಡದು, ಆಡಿದರೆ ದನಿ ಶಾಶ್ವತವಾಗಿ ಹೋಗಬಹುದು ಎಂದರು ಡಾಕ್ಟರು. ಆಡದಿದ್ದರೂ ಮೊದಲಿನ ದನಿ ಬರುತ್ತದೆಂಬ ಭರವಸೆ ಕೊಡಲಿಲ್ಲ.

ವಿಭಾಗದ ಮುಖ್ಯಸ್ಥರು ಒಳ್ಳೆಯವರು. ಅವರಿಗೂ ಕಷ್ಟವಾಗಿತ್ತು. ನಮ್ಮನ್ನು ಕರೆದು, "ಮಾತಾಡೂದು ಕಲಿಸೋ ಕೋರ್ಸಿದು. ಮಾತ ಆಡಲಾರದವರು ಹೆಂಗ ಕಲಿಸ್ತಾರ ನೀವ ಹೇಳ್ರಿ. ಈ ವರ್ಷ ಇಲ್ಲಿಗೇ ನಿಲ್ಲಿಸೂಣು," ಎಂದರು.

ಆದರೆ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನಕ್ಕೆ, ಒಂದು ಸೋಮವಾರ, ಅಕ್ಕಾರು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಕೊರಳಿಗೆ ಸೆರಗು ಸುತ್ತಿತ್ತು. ಬಟ್ಟೆಯ ಚೀಲದಿಂದ ಮಕ್ಕಳ ಪಾಟಿ ತೆಗೆದು, ಬಳಪದಿಂದ ಜರ್ಮನ್ನಿನಲ್ಲಿ ಒಂದು ಪ್ರಶ್ನೆ ಬರೆದು ನಮ್ಮತ್ತ ಹಿಡಿದರು: ನಿನ್ನೆ ನೀವೇನು ಮಾಡಿದಿರಿ?

ಹಿಡಿದು ಸುಮ್ಮನೆ ಕುಳಿತರು.

ಆ ಮೌನ ಈಗಲೂ ನನ್ನ ಕಿವಿಯಲ್ಲಿದೆ. ಅದುವರೆಗೆ ನಾವು ಎಡವಿದರೆ ಅವರ ಮಾತು ಬಂದು ಕೈಹಿಡಿಯುತ್ತಿತ್ತು. ಈಗ ಎತ್ತುವವರಿಲ್ಲ. ಫ್ಯಾನಿನ ಸದ್ದು, ದೂರದಲ್ಲಿ ಲಾರಿಯ ಸದ್ದು. ಹತ್ತು ನಿಮಿಷವಾದರೂ ಯಾರೂ ಬಾಯಿಬಿಡಲಿಲ್ಲ. ಅಕ್ಕಾರ ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಆರಾಮವಾಗಿ ಕಾಯುತ್ತಿದ್ದರು. ಕೊನೆಗೆ ಮಲ್ಲಸಮುದ್ರದ ಹುಡುಗ ತಾಳಲಾರದೆ, ನಿನ್ನೆ ನಮ್ಮ ಮನೆಯಲ್ಲಿ ಕಡಲೆ ಒಕ್ಕಿದೆವು ಎಂಬರ್ಥದ ಏನನ್ನೋ ಹೇಳಿದ. ಒಕ್ಕುವುದಕ್ಕೆ ಜರ್ಮನ್ ಪದ ಗೊತ್ತಿಲ್ಲದೆ ಕೈಯಿಂದ ಬಡಿದು ತೋರಿಸಿದ. ಅಕ್ಕಾರು ಕಿವಿಯ ಹಿಂದೆ ಅಂಗೈ ಇಟ್ಟು ಮುಂದೆ ಬಾಗಿದರು. ಇನ್ನಷ್ಟು ಹೇಳು ಎಂದರ್ಥ. ಅವನು ಹೇಳಿದ. ರೇಷ್ಮಾ ನಡುವೆ ಬಾಯಿ ಹಾಕಿ, ಕಡಲೆಯೋ ಹೆಸರೋ ಎಂದು ಕೇಳಿದಳು. ಇನ್ನೊಬ್ಬ ಅದಕ್ಕೆ ಉತ್ತರಿಸಿದ. ಗಂಟೆ ಬಾರಿಸಿದಾಗ ಹನ್ನೊಂದೂ ಜನ ಒಟ್ಟಿಗೆ ಮಾತಾಡುತ್ತಿದ್ದೆವು.

ಎರಡು ತಿಂಗಳು ಹೀಗೆ ನಡೆಯಿತು. ಅವರ ಪಾಟಿಯ ಮೇಲೆ ಪ್ರಶ್ನೆಯ ಹೊರತು ಒಂದು ಉತ್ತರವನ್ನೂ ನಾನು ಕಾಣಲಿಲ್ಲ. ಒಮ್ಮೆ ಮುಖ್ಯಸ್ಥರು ತರಗತಿ ಹೇಗಿದೆ ಎಂದು ನೋಡಲು ಬಂದರು. ಒಳಗಿನ ಗದ್ದಲ ಕೇಳಿ ಬಾಗಿಲಲ್ಲೇ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಹೋಗುವಾಗ ಅಕ್ಕಾರಿಗೆ ಕೈಮುಗಿದು, "ನಾ ಏನೂ ಅಂದಿಲ್ಲ ಅಂತ ತಿಳಕೋರಿ," ಎಂದರು.

ಆ ಎರಡು ತಿಂಗಳು ಮುಗಿಯಲು ಇನ್ನೂ ಹನ್ನೆರಡು ದಿನವಿತ್ತು. ಮಧ್ಯಾಹ್ನ ತರಗತಿ ನಡೆದಿದ್ದಾಗ ಗದಗಿನ ಒಂದು ಆಸ್ಪತ್ರೆಯಿಂದ ವಿಭಾಗಕ್ಕೆ ಫೋನು ಬಂತು. ಲಕ್ಕುಂಡಿಯ ಬಾವಿ ನೋಡಲು ಬಂದ ಜರ್ಮನ್ ದಂಪತಿ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಾರೆ, ಗಂಡನಿಗೆ ತಲೆಗೆ ಪೆಟ್ಟು, ಹುಬ್ಬಳ್ಳಿಗೆ ಕಳಿಸಬೇಕು, ಹೆಂಡತಿ ಬಿಡುತ್ತಿಲ್ಲ, ನಿಮ್ಮಲ್ಲಿ ಜರ್ಮನ್ ಬಲ್ಲ ಮೇಡಂ ಇದ್ದಾರಂತಲ್ಲ ಎಂದು. ಅಕ್ಕಾರು ಎದ್ದರು. ನನ್ನ ಕೈಹಿಡಿದು ಎಬ್ಬಿಸಿದರು. ತರಗತಿಯಲ್ಲಿ ಆಸ್ಪತ್ರೆಯ ಕೆಲಸ ಬಲ್ಲವರು ನಾನು ಮತ್ತು ರೇಷ್ಮಾ. ರೇಷ್ಮಾ ಆ ದಿನ ಬಂದಿರಲಿಲ್ಲ.

ನಾವು ಹೋದಾಗ ಆಂಬುಲೆನ್ಸಿನ ಬಾಗಿಲು ತೆರೆದಿತ್ತು. ಸ್ಟ್ರೆಚರಿನ ಮೇಲೆ ಎಪ್ಪತ್ತರ ಮುದುಕ, ಎಚ್ಚರವಿಲ್ಲ. ಸ್ಟ್ರೆಚರಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಅವನ ಹೆಂಡತಿ ನಿಂತಿದ್ದಳು. ಗಂಡನ ಹಿಂದೆ ಮೆಟ್ಟಿಲಿಳಿಯಲು ಹೋಗಿ ಆಕೆಯೂ ಬಿದ್ದಿದ್ದಳು. ಮೊಣಕಾಲು ಬಾತಿತ್ತು, ಕನ್ನಡಕ ಒಡೆದಿತ್ತು. ಡಾಕ್ಟರು ಇಂಗ್ಲಿಷಿನಲ್ಲಿ ಎಷ್ಟು ಹೇಳಿದರೂ ಆಕೆ ತಲೆ ಅಲ್ಲಾಡಿಸಿ ಜರ್ಮನ್ನಿನಲ್ಲಿ ಅದೇನೋ ಎರಡು ಶಬ್ದ ಕೂಗುತ್ತಿದ್ದಳು. ಡ್ರೈವರ್ ಹೇಳಿದ ಪ್ರಕಾರ ಬೆಳಿಗ್ಗೆ ಚೆನ್ನಾಗಿಯೇ ಇಂಗ್ಲಿಷ್ ಮಾತಾಡಿದ್ದಳಂತೆ. ಭಯಕ್ಕೆ ಅದೆಲ್ಲ ಹೊರಟುಹೋಗಿತ್ತು.

"ಚಿಕಿತ್ಸಾನ ಬ್ಯಾಡ ಅಂತಾರ್ರಿ ಇವರು. ತಲಿಯೊಳಗ ರಕ್ತ ಇಳಿಯಾಕಹತ್ತೇತಿ. ಜಲ್ದಿ ಒಯ್ಯಬೇಕು," ಎಂದರು ಡಾಕ್ಟರು.

ಅಕ್ಕಾರು ಪಾಟಿಯ ಮೇಲೆ ಬರೆದು ಆಕೆಯ ಮುಂದೆ ಹಿಡಿದರು. ಕನ್ನಡಕವಿಲ್ಲದ ಆಕೆಗೆ ಅದು ಕಾಣಲಿಲ್ಲ, ಕೈಯಿಂದ ಆಚೆ ತಳ್ಳಿದಳು. ಆಗ ಅಕ್ಕಾರ ಬಾಯಿ ತೆರೆದಿದ್ದನ್ನು ನಾನು ನೋಡಿದೆ. ಗಂಟಲು ಅಲುಗಿತು. ಇನ್ನೊಂದು ಕ್ಷಣದಲ್ಲಿ ಮಾತಾಡಿಬಿಡುತ್ತಿದ್ದರು. ನಾನು ಅವರ ಬಾಯಿಗೆ ಅಡ್ಡ ಕೈ ಇಟ್ಟೆ. ಗುರುವಿನ ಬಾಯಿ ಮುಚ್ಚುವುದೆಂದರೇನು ಎಂದು ಯೋಚಿಸಲು ಹೊತ್ತಿರಲಿಲ್ಲ.

ಅವರು ನನ್ನನ್ನು ನೋಡಿದರು. ಪಾಟಿಯನ್ನು ಸೆರಗಿನಿಂದ ಒರೆಸಿ ಕನ್ನಡದಲ್ಲಿ ಬರೆದರು: ಹಂಗಾರ ನೀ ಮಾತಾಡು.

ನಾನು ಆಕೆಯ ಹತ್ತಿರ ಹೋಗಿ ನಿಂತೆ. ಮಾತಾಡುವ ಮೊದಲು ಕೇಳಿಸಿಕೊಂಡೆ. ಆಕೆ ಕೂಗುತ್ತಿದ್ದುದು 'ನಿಷ್ಟ್ ಅಲೈನ್'. ಒಬ್ಬರೇ ಅಲ್ಲ. ಬೇಡ ಎಂದಲ್ಲ! ಆಕೆ ಚಿಕಿತ್ಸೆ ಬೇಡವೆನ್ನುತ್ತಿರಲಿಲ್ಲ. ಆಂಬುಲೆನ್ಸಿನಲ್ಲಿ ಜಾಗವಿಲ್ಲ, ನೀವು ಹಿಂದೆ ಟ್ಯಾಕ್ಸಿಯಲ್ಲಿ ಬನ್ನಿ ಎಂದು ಯಾರೋ ಸನ್ನೆ ಮಾಡಿದ್ದರು. ಪರದೇಶದಲ್ಲಿ ಗಂಡನನ್ನು ಒಬ್ಬನೇ ಕಳಿಸಲಾರೆ ಎಂದು ಆಕೆ ಹಟ ಹಿಡಿದಿದ್ದಳು.

ನಾನು ಹೇಳಿದೆ. ಅದನ್ನು ಕನ್ನಡಕ್ಕೆ ತಂದರೆ ಹೀಗಿರಬಹುದು: "ಒಬ್ಬರಲ್ಲ. ನೀವು ಹೋಗುತ್ತಾಳೆ. ಮುಂದೆ ಕುರ್ಚಿ. ನಾನು ಹಿಂದೆ, ಗಂಡ ಜೊತೆ. ನಾನು ನರ್ಸು. ತಲೆ ರಕ್ತ. ಬೇಗ ಒಳ್ಳೆಯದು." ಆಕೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದಳು. ಕಂಬಿ ಬಿಟ್ಟಳು.

ಮೊಣಕಾಲು ಮಡಚಲಾಗದ ಆಕೆಯನ್ನು ಡ್ರೈವರ್ ಪಕ್ಕ ಕೂರಿಸಿದೆವು. ನಾನು ಹಿಂದೆ, ಆಸ್ಪತ್ರೆಯ ನರ್ಸಿನ ಜೊತೆ. ನಡುವೆ ಅಂಗೈಯಗಲದ ಕಿಂಡಿ. ಗದಗ ದಾಟುತ್ತಿದ್ದಂತೆ ಆಕೆ ಕಿಂಡಿಗೆ ಮುಖವಿಟ್ಟು ಗಂಡನ ಹೆಸರು ಕೂಗಿದಳು. ಏನು ಹೇಳಲಿ? ನಾಡಿ, ರಕ್ತದೊತ್ತಡ, ಯಾವ ಪದವೂ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ: 'ಎರ್ ಆಟ್ಮೆಟ್'. ಉಸಿರಾಡುತ್ತಿದ್ದಾರೆ. ಆ ಪದ ನೆನಪಿನಲ್ಲಿ ಉಳಿದಿತ್ತು, ನಮ್ಮ ಆತ್ಮ ಎಂಬುದಕ್ಕೆ ಹತ್ತಿರವೆಂದು. ಅಣ್ಣಿಗೇರಿಯಲ್ಲಿ ಹೇಳಿದೆ. ರೈಲ್ವೆ ಗೇಟಿನಲ್ಲಿ ಗಾಡಿ ನಿಂತಾಗ ಹೇಳಿದೆ. ಪ್ರತಿ ಎರಡು ನಿಮಿಷಕ್ಕೆ, ಒಂದು ತಾಸಿಗೂ ಮಿಕ್ಕಿ, ಅದೊಂದೇ ವಾಕ್ಯವನ್ನು ಕೂಗುತ್ತ ಹೋದೆ. ನಡುವೆ ಒಮ್ಮೆ ಮುದುಕನ ಉಸಿರು ಕಟ್ಟಿ, ಆ ಮಾತು ನಿಜವಾಗಿ ಉಳಿಯುವುದೋ ಇಲ್ಲವೋ ಎಂಬಂತಾಯಿತು. ನರ್ಸು ಆಮ್ಲಜನಕ ಹೆಚ್ಚಿಸಿದಳು, ನಾನು ದವಡೆ ಎತ್ತಿ ಹಿಡಿದೆ. ಉಸಿರು ಮರಳಿ ಬಂತು. ಆಗ ಕೂಗಿದ 'ಎರ್ ಆಟ್ಮೆಟ್' ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ಗಟ್ಟಿ ಮಾತು.

ಮುದುಕ ಬದುಕಿದ. ಎಡಗೈ ಬಹಳ ದಿನ ಸ್ವಾಧೀನದಲ್ಲಿರಲಿಲ್ಲ. ಅವರು ಹುಬ್ಬಳ್ಳಿಯಲ್ಲಿದ್ದ ಮೂರು ವಾರ ನಮ್ಮ ತರಗತಿಯವರು ದಿನಕ್ಕಿಬ್ಬರಂತೆ ರೈಲು ಹತ್ತಿ ಹೋಗಿ ಆಸ್ಪತ್ರೆಯ ಪಡಸಾಲೆಯಲ್ಲಿ ಆಕೆಯ ಜೊತೆ ಕೂತರು. ಆಕೆಗೆ ಮಾತಾಡಲು ಜನ ಬೇಕಿತ್ತು, ನಮಗೂ ಬೇಕಿತ್ತು. ರೇಷ್ಮಾ ಮನೆಯಿಂದ ಹಾಲು-ಶಾವಿಗೆಯ ಸುರಕುಂಬಾ ಒಯ್ದಳು. ಮಲ್ಲಸಮುದ್ರದ ಹುಡುಗ ಕಡಲೆ ಒಕ್ಕುವುದಕ್ಕೆ ಜರ್ಮನ್ನಿನಲ್ಲಿ ಏನೆನ್ನುತ್ತಾರೆಂದು ಕೊನೆಗೂ ಕೇಳಿ ತಿಳಿದುಕೊಂಡು ಬಂದ.

ಆದರೆ ಹೇಳಬೇಕಾದದ್ದು ಆ ಮೊದಲ ದಿನದ ಸಂಜೆಯ ಮಾತು. ಟ್ಯಾಕ್ಸಿಯಲ್ಲಿ ಹಿಂದೆಯೇ ಬಂದಿದ್ದ ಅಕ್ಕಾರು, ಮುದುಕನನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಒಯ್ದ ಮೇಲೆ ನನ್ನನ್ನು ಹೊರಗೆ ಕರೆದೊಯ್ದು ಗಿರಮಿಟ್ಟು, ಮೆಣಸಿನಕಾಯಿ ಬಜಿ ಕೊಡಿಸಿದರು. ಎದುರು ಕೂತು ಪಾಟಿಯ ಮೇಲೆ ಬರೆದರು: ಹದಿನಾಲ್ಕು ತಪ್ಪು ಮಾಡೀ.

"ಯಾವ್ಯಾವ್ರಿ ಅಕ್ಕಾರ?"

ಒರೆಸಿ, ಬರೆದರು: ಮರತೆ.

ಬರೆದು, ಸದ್ದಿಲ್ಲದೆ, ಭುಜ ಕುಲುಕಿ ನಕ್ಕರು. ನಗುತ್ತಲೇ ಅವರ ಕಣ್ಣಿಂದ ನೀರಿಳಿಯಿತು. ಅಷ್ಟು ದಿನ ನಾನು ಅವರನ್ನು ಗಟ್ಟಿಗಿತ್ತಿ ಎಂದುಕೊಂಡಿದ್ದೆ. ತಮ್ಮ ದನಿ ಮತ್ತೆ ಬರುವುದೋ ಇಲ್ಲವೋ ಎಂಬ ಭಯವನ್ನು ವಾರಗಟ್ಟಲೆ ನಮ್ಮ ಮಾತಿನ ಗದ್ದಲದಲ್ಲಿ ಅಡಗಿಸಿಟ್ಟುಕೊಂಡಿದ್ದರೆಂದು ಆಗ ತಿಳಿಯಿತು.

ದನಿ ಬಂತು, ಅರ್ಧ. ಒಣ ಎಲೆಯ ಮೇಲೆ ನಡೆದ ಹಾಗೆ. ಕೊನೆಯ ಬೆಂಚಿಗೆ ಅದು ಮುಟ್ಟುತ್ತಿರಲಿಲ್ಲ. ಅವರು ಕೊನೆಯ ಬೆಂಚನ್ನೇ ತೆಗೆಸಿ, ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಇನ್ನೂ ಮೂರು ವರ್ಷ ಕಲಿಸಿದರು. ಆ ದನಿಯನ್ನು ಅವರು ಮಿತವಾಗಿ ಬಳಸುತ್ತಿದ್ದರೆಂದೂ, ಆ ಮೂರು ತಂಡಗಳ ಮಕ್ಕಳು ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರೆಂದೂ ಕೇಳಿದ್ದೇನೆ. ಆಮೇಲೆ ನಿವೃತ್ತರಾಗಿ ಮುಂಡರಗಿಯಲ್ಲಿ ತಂಗಿಯ ಮನೆ ಸೇರಿದರು.

ರೇಷ್ಮಾ ಈಗ ಜರ್ಮನಿಯ ಆಸ್ಪತ್ರೆಯೊಂದರಲ್ಲಿದ್ದಾಳೆ. ನಾನು ಶಿರಹಟ್ಟಿ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ. ಆ ಭಾಷೆಯಿಂದ ನನಗೆ ಕೆಲಸ ಸಿಗಲಿಲ್ಲ ನಿಜ. ಯಾರ ಮುಂದೆಯೂ ಈಗ "ಐತ್ರಿ" ಎನ್ನಲು ಹಿಂಜರಿಯುವುದಿಲ್ಲ. ಅದು ಜರ್ಮನ್ ಕಲಿತದ್ದರಿಂದ ಬಂದದ್ದು ಎಂದರೆ ಜನ ನಂಬುವುದಿಲ್ಲ.

ಹೋದ ವರ್ಷ ಸಿಂಗಟಾಲೂರಿನಲ್ಲಿ ಒಂದು ಆರೋಗ್ಯ ಶಿಬಿರ ಮುಗಿಸಿ ಬರುವಾಗ ಮುಂಡರಗಿಯಲ್ಲಿ ಇಳಿದು ಅಕ್ಕಾರ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು. ಎದುರಿಗೆ ಯಾರದೋ ಮನೆ ಕಟ್ಟುತ್ತಿದ್ದರು. ಅಲ್ಲಿ ಕೆಲಸಕ್ಕೆ ಬಂದ ಲಂಬಾಣಿ ಹೆಂಗಸೊಬ್ಬಳು ಅಕ್ಕಾರ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಅಕ್ಕಾರು ಆ ಅರ್ಧ ದನಿಯಲ್ಲಿ ಆಕೆಗೆ ಏನೋ ಹೇಳುತ್ತಿದ್ದರು. ಆಕೆ ರೊಟ್ಟಿಯ ತುತ್ತು ಕೈಯಲ್ಲೇ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು.

"ಲಂಬಾಣಿ ಕಲ್ಯಾಕಹತ್ತೀನಿ," ಎಂದರು ನನ್ನನ್ನು ನೋಡಿ. "ನಿನ್ನಿ ಇವರ ಅತ್ತಿ ಆರಾಮದಾಳೇನು ಅಂತ ಕೇಳಾಕ ಹೋಗಿ ಬ್ಯಾರೇನೋ ಕೇಳೀನಿ. ಏನಂತ ಈಕಿ ಹೇಳವಲ್ಲಳು."

ಅರವತ್ತು ದಾಟಿದೆ. ಡಾಕ್ಟರು ದನಿಗೆ ದಣಿವು ಕೊಡಬೇಡಿ ಎಂದಿದ್ದಾರೆ. ಇರುವ ಅಷ್ಟು ದನಿಯನ್ನು ಇವರು ಒಂದು ಹೊಸ ಭಾಷೆಗೆ ಹಾಕಿದ್ದಾರೆ! ನಾನು ಚಹಾ ಕುಡಿಯುತ್ತ ಬೆರಗಾಗಿ ನೋಡುತ್ತಿದ್ದೆ. ಆಗ ಕೇಳಿದರು:

"ನಿನ್ನ ಕಡೆ ತಾಂಡಾ ಅದಾವೇನು?"

"ನಾಕು ಅದಾವ್ರಿ."

"ಅಲ್ಲಿ ಹೆಣ್ಣುಮಕ್ಕಳ ಕೂಡ ಯಾವ ಮಾತಿನಾಗ ಮಾತಾಡ್ತಿ?"

"ಕನ್ನಡದಾಗ್ರಿ. ಅವರಿಗೆ ಬರ್ತೈತ್ರಿ."

ಅಕ್ಕಾರು ಕಟ್ಟೆಯ ಮೇಲೆ ಉಣ್ಣುತ್ತಿದ್ದ ಆಕೆಯ ಕಡೆ ಒಮ್ಮೆ ನೋಡಿದರು. ತಾಟಿನಲ್ಲಿದ್ದ ಚೂಡಾವನ್ನು ನನ್ನ ಕಡೆ ಸರಿಸಿದರು. ಅವರು ತಪ್ಪು ತಿದ್ದುವ ರೀತಿ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆ ನೋಟ ನನ್ನನ್ನು ಬಿಡಲಿಲ್ಲ.

ನಮ್ಮ ಕೇಂದ್ರದ ಆಶಾ ಕಾರ್ಯಕರ್ತೆ ತಾಂಡಾದವಳೇ. ಅವಳಿಂದ ಏಳೆಂಟು ವಾಕ್ಯ ಹೇಳಿಸಿಕೊಂಡೆ. ಮುಂದಿನ ವಾರ ತಾಂಡಾಕ್ಕೆ ಹೋದಾಗ, ಎರಡು ತಿಂಗಳ ಕೂಸಿನ ತಾಯಿಯೊಬ್ಬಳ ಮುಂದೆ ಕೂತೆ. ಕೂಸಿನ ತೂಕ ಏರುತ್ತಿರಲಿಲ್ಲ. ಹಿಂದಿನ ಎರಡು ಸಲವೂ ಹಾಲು ಕುಡಿಸುತ್ತೀಯಾ ಎಂದು ಕನ್ನಡದಲ್ಲಿ ಕೇಳಿದ್ದೆ. "ಹೂಂರಿ" ಎಂದಿದ್ದಳು. ತಲೆ ಎತ್ತಿರಲಿಲ್ಲ. ಈ ಸಲ ಅದನ್ನೇ ಅವಳ ಮಾತಿನಲ್ಲಿ ಕೇಳಿದೆ. ಏನು ತಪ್ಪಾಯಿತೋ, ಸುತ್ತ ಕೂತವರೆಲ್ಲ ಘೊಳ್ಳೆಂದರು. ಅವಳೂ ನಕ್ಕಳು. ನಗುತ್ತ ಮೊದಲ ಸಲ ನನ್ನ ಮುಖ ನೋಡಿದಳು. ನೋಡಿದವಳು ಮಾತಾಡತೊಡಗಿದಳು, ಬಡಬಡ, ನಿಲ್ಲದೆ. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮಾತಿನ ನಡುವೆ ಅವಳ ಕೈ ಎಡ ಎದೆಯ ಮೇಲೆ ಹೋದದ್ದನ್ನು ಕಂಡೆ. ಗುಡಿಸಲಿನೊಳಗೆ ಕರೆದೊಯ್ದು ನೋಡಿದರೆ ಕೀವುಗಟ್ಟಿ ಕೆಂಡದ ಹಾಗೆ ಕಾದಿತ್ತು. ಎಷ್ಟು ದಿನದಿಂದ ಅದನ್ನು ನುಂಗಿಕೊಂಡಿದ್ದಳೋ! ಅದನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ. ನಾನೂ ಹೇಳುವಂತೆ ಕೇಳಿರಲಿಲ್ಲ. ಅಂದೇ ಗದಗಿಗೆ ಕರೆದೊಯ್ದು ಬಾವು ಕೊಯ್ಯಿಸಿದೆವು.

ತಿಂಗಳ ಮೇಲೆ ಮತ್ತೆ ಹೋದಾಗ ಕೂಸಿನ ತೂಕ ಏರಿತ್ತು. ಬರೆದುಕೊಂಡು ಏಳುತ್ತಿದ್ದೆ. ಅವಳು ನನ್ನ ಸೀರೆಯ ಸೆರಗು ಹಿಡಿದು ಕೂರಿಸಿದಳು. ಹಿಂದೆ ನಾನು ತಪ್ಪಾಗಿ ಆಡಿದ್ದ ಆ ವಾಕ್ಯವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿ, ಈಗ ನೀ ಹೇಳು ಎಂಬಂತೆ ಗದ್ದ ಎತ್ತಿದಳು. ಹೇಳಿದೆ. ತಲೆ ಅಲ್ಲಾಡಿಸಿದಳು. ಮತ್ತೆ ಹೇಳಿದೆ. ಊಹುಂ. ಅಕ್ಕಾರ ಹಾಗಲ್ಲ ಈಕೆ, ಒಂದು ತಪ್ಪನ್ನೂ ಬಿಡುವವಳಲ್ಲ. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಎದುರಿಗೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತು, ಐದನೆಯ ಸಲಕ್ಕೆ ಹೌದೆಂದಳು.